ಗಾಡಿ ಪಾನಕದ ಮೇಲೆ ಕೇಸು ಹಾಕಿದವರು

ನಮ್ಮ ಸೈನ್ಸ್ ಮೇಡಂ ತೀರಿಕೊಂಡ ವಾರದಲ್ಲೇ ಹೊಳೆನರಸೀಪುರದ ನಮ್ಮ ಹೈಸ್ಕೂಲಿನಲ್ಲಿ ಸಂತಾಪ ಸಭೆ ನಡೆಯಿತು. ಅವರು ನಿವೃತ್ತರಾದ ಮೇಲೆ ಬಂದ ಹೆಡ್‌ಮಾಸ್ಟರು, ಅವರ ಮುಖವನ್ನೇ ನೋಡದವರು, ಮೈಕಿನ ಮುಂದೆ ನಿಂತು, "ಶ್ರೀಮತಿಯವರು ಸೌಮ್ಯ ಸ್ವಭಾವದವರು, ಮೃದುಭಾಷಿ, ಯಾರೊಂದಿಗೂ ಜಗಳವಾಡಿದವರಲ್ಲ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಮದುವೆಯನ್ನೇ ಆಗಿರಲಿಲ್ಲ, ಶ್ರೀಮತಿ ಎಲ್ಲಿಂದ ಬಂದರು? ಅದು ಹೋಗಲಿ, ಜಗಳವಾಡಿದವರಲ್ಲವಂತೆ! ಸತ್ತವರ ಬಗ್ಗೆ ಒಳ್ಳೆಯ ಮಾತಾಡಬೇಕು, ಒಪ್ಪಿದೆ. ಹಾಗಂತ ಯಾರನ್ನೋ ತಂದು ಅವರ ಜಾಗದಲ್ಲಿ ಕೂರಿಸುವುದೇ? ಆವತ್ತು ಎದ್ದು ಹೇಳಲು ಹೊರಟರೆ ಅಳು ಬರುತ್ತಿತ್ತು, ಸುಮ್ಮನೆ ಕೂತೆ. ಈಗ ಬರೆಯುತ್ತೇನೆ.

ಅವರು ಜಗಳಗಂಟಿ. ಇದನ್ನು ನಾನು ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ. ಬೆಳಗಿನಿಂದ ಸಂಜೆಯವರೆಗೆ ಅವರ ದನಿ ಏರದಿದ್ದರೆ ಸ್ಟಾಫ್ ರೂಮಿನಲ್ಲಿ ನಾವು "ಯಾಕೆ ಮೇಡಂ, ಜ್ವರವಾ?" ಎಂದು ಕೇಳುತ್ತಿದ್ದೆವು. ಒಮ್ಮೆ ಡ್ರೈವರು ಬಸ್ಸನ್ನು ಸ್ಟಾಪಿನಿಂದ ಬಹಳ ಮುಂದೆ ಒಯ್ದು ನಿಲ್ಲಿಸಿದ್ದಕ್ಕೆ ಅವರು ಸೀಟಿನಿಂದ ಏಳಲೇ ಇಲ್ಲ. "ನಾನು ಟಿಕೆಟ್ ತಗೊಂಡಿರೋದು ಇಲ್ಲೀಗಲ್ಲ ಕಣಪ್ಪ, ಅಲ್ಲೀಗೆ. ರಿವರ್ಸ್ ತಗೋ" ಎಂದರು. ತುಂಬಿದ ಬಸ್ಸು ಹಿಂದಕ್ಕೆ ಹೋಯಿತು. ನಾನು ಅವರ ಪಕ್ಕದಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಿದ್ದೆ.

ಅವರದು ಕೊಣನೂರಿನ ಕಡೆಯ ಒಕ್ಕಲು ಮನೆ. ನಾನು ದೇವಸ್ಥಾನದ ಬೀದಿಯವಳು, ಅರ್ಚಕರ ಮಗಳು, ಅದೇ ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. "ಅಯ್ನೋರಮ್ಮ" ಎಂದು ನನ್ನನ್ನು ಕಿಚಾಯಿಸುತ್ತಿದ್ದರು. ತರಗತಿಯಲ್ಲಿ ಅವರ ಕನ್ನಡ ಪಠ್ಯಪುಸ್ತಕದ ಹಾಗೆ ಚೊಕ್ಕವಾಗಿರುತ್ತಿತ್ತು. ಸಿಟ್ಟು ಬಂದಾಗ ಮಾತ್ರ ಕೊಣನೂರು ಹೊರಗೆ ಬರುತ್ತಿತ್ತು. 'ಹಾಗೆ' ಹೋಗಿ 'ಅಂಗೆ' ಬಂತೆಂದರೆ ಮಕ್ಕಳು ಬೆಂಚಿನ ಮೇಲೆ ನೆಟ್ಟಗೆ ಕೂರುತ್ತಿದ್ದರು.

ಮಕ್ಕಳಿಗೆ ಅವರು ಕೊಡುತ್ತಿದ್ದ ಹೋಂವರ್ಕು ವಿಚಿತ್ರವಾಗಿತ್ತು. ಮನೆಯಲ್ಲಿರುವ ಯಾವುದಾದರೂ ಡಬ್ಬಿಯ, ಪೊಟ್ಟಣದ ಹಿಂಬದಿಯಲ್ಲಿ ಬರೆದಿರುವುದನ್ನು ಓದಿಕೊಂಡು ಬರಬೇಕು. ಹಲ್ಲುಪುಡಿ, ತಿಗಣೆ ಔಷಧಿ, ಬಿಸ್ಕತ್ತು, ಯಾವುದಾದರೂ ಸರಿ. "ಮುಂದುಗಡೆ ಬರೆದಿರೋದು ಮಾರೋದಕ್ಕೆ. ಹಿಂದುಗಡೆ ಬರೆದಿರೋದು ನಮಗೆ" ಎನ್ನುತ್ತಿದ್ದರು. ಒಬ್ಬ ಹುಡುಗ ಎದ್ದು, "ಮೇಡಂ, ಹಿಂದುಗಡೆ ಇಂಗ್ಲೀಷಲ್ಲೈತೆ, ಓದಕ್ಕಾಗ್ಲಿಲ್ಲ" ಎಂದಾಗ ಅವರು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟರು. ಆಮೇಲೆ, "ನಿನ್ ತಪ್ಪಲ್ಲ ಬುಡು, ಕೂತ್ಕೊ" ಎಂದರು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅವರ ತಮ್ಮ ಊರಿನಲ್ಲಿ ಬೇಸಾಯ ನೋಡಿಕೊಂಡಿದ್ದ, ಒಂದು ಜೀಪು ಇಟ್ಟಿದ್ದ. ಎಂಜಿನ್ ಕಾಯದಿರಲೆಂದು ರೇಡಿಯೇಟರಿಗೆ ಬಾವಿ ನೀರು ಹುಯ್ಯಬೇಡ, ಕೂಲೆಂಟ್ ಹುಯ್ಯಿ ಎಂದು ಮೆಕ್ಯಾನಿಕ್ ಹೇಳಿದ್ದನಂತೆ. ಅರಕಲಗೂಡಿನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಅದನ್ನು ಪೀಪಾಯಿಯಲ್ಲಿ ತರಿಸಿ, ಹಳೆಯ ಹಣ್ಣಿನ ಸ್ಕ್ವಾಷ್ ಬಾಟಲಿಗಳಿಗೆ ತುಂಬಿ ಲೂಸಾಗಿ ಮಾರುತ್ತಿದ್ದರು. ನೋಡುವುದಕ್ಕೆ ತಿಳಿಹಸಿರು, ಬಾಟಲಿಯ ಮೇಲೆ ಹಣ್ಣಿನ ಚಿತ್ರ. ಅಂಗಡಿಯವನು ಅದಕ್ಕೆ 'ಗಾಡಿ ಪಾನಕ' ಎಂದು ಹೆಸರಿಟ್ಟಿದ್ದ. ಡ್ರೈವರುಗಳೆಲ್ಲ ನಗುತ್ತಾ ಹಾಗೇ ಕೇಳಿ ಕೊಳ್ಳುತ್ತಿದ್ದರು.

ತಮ್ಮ ಒಂದು ಬಾಟಲಿ ತಂದು, ಅರ್ಧ ಹುಯ್ದು, ಉಳಿದದ್ದನ್ನು ಪಡಸಾಲೆಯ ಮೂಲೆಯಲ್ಲಿಟ್ಟ. ಅವನ ಮಗಳು, ಅಂಗನವಾಡಿಗೆ ಹೋಗುವ ಕೂಸು, ಅದನ್ನು ಕುಡಿದಳು. ಯಾಕೆ ಕುಡಿದಳೆಂದರೆ ಅದು ಸಿಹಿಯಾಗಿತ್ತು. ವಿಷ ಕಹಿಯಾಗಿರುತ್ತದೆಂದು ನಾವೆಲ್ಲ ನಂಬಿಕೊಂಡು ಬದುಕಿದ್ದೇವೆ, ಈ ವಿಷ ಸಿಹಿ. ಸಂಜೆ ಮಗು ತೂರಾಡುತ್ತಾ ನಡೆಯಿತಂತೆ, ನಿದ್ದೆಗಣ್ಣು ಎಂದುಕೊಂಡು ಮಲಗಿಸಿದರು. ಬೆಳಿಗ್ಗೆ ವಾಂತಿ ಶುರುವಾಯಿತು. ಅರಕಲಗೂಡಿನ ಡಾಕ್ಟರು ನೋಡಿ ಹಾಸನಕ್ಕೆ ಕಳಿಸಿದರು. ಅಷ್ಟರಲ್ಲಿ ಮಗುವಿನ ಮೂತ್ರಪಿಂಡಗಳು ಕೈಬಿಟ್ಟಿದ್ದವು. ಮಗು ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ದಿನವೇ ಮನೆಯಲ್ಲಿ ತೀರ್ಪು ಆಗಿಹೋಯಿತು. ಸೈನ್ಸ್ ಮೇಡಂ ಅವರ ತಾಯಿ, ಬಂದವರೆಲ್ಲರ ಮುಂದೆ, "ಒಂದೇ ಒಂದು ಕೂಸು. ಅದ್ನ ಕಾಯಕ್ಕಾಗ್ಲಿಲ್ಲ ಇವ್ಳಿಗೆ. ಎಲ್ಲಿ ಮಾತಾಡ್ತಾ ನಿಂತಿದ್ಲೋ" ಎಂದು ಸೊಸೆಯನ್ನು ತೋರಿಸಿದರು. ಬಂದವರು ತಲೆಯಾಡಿಸಿದರು. ಮಗುವಿನ ಅಪ್ಪ ತಲೆ ತಗ್ಗಿಸಿಕೊಂಡು ಕೂತಿದ್ದ. ಬಾಟಲಿ ತಂದಿಟ್ಟವನು ಅವನು, ಮಾರಿದವನು ಇನ್ನೊಬ್ಬ, ಮಾಡಿದ್ದು ಯಾವುದೋ ಕಂಪನಿ. ತಪ್ಪು ಮಾತ್ರ ಆ ಸೊಸೆಯ ತಲೆಗೆ ಬಂತು. ಆವತ್ತಿನಿಂದ ಅವಳು ಪಡಸಾಲೆಗೆ ಬಂದು ಕೂರುವುದನ್ನು ಬಿಟ್ಟಳು. ಅಡುಗೆಮನೆ, ಕೊಟ್ಟಿಗೆ, ಹಿತ್ತಲು, ಇಷ್ಟೇ. ಮಾತೂ ನಿಂತುಹೋಯಿತು.

ಸೈನ್ಸ್ ಮೇಡಂ ರಜೆ ಮುಗಿಸಿ ಬಂದು ಸ್ಟಾಫ್ ರೂಮಿನಲ್ಲಿ ನನ್ನೆದುರು ಕೂತರು. "ಅಯ್ನೋರಮ್ಮ, ಬಾಟ್ಲೀಲಿ ಉಳ್ದಿತ್ತಲ್ಲ, ಬೆರಳ ತುದೀಲಿ ಮುಟ್ಟಿ ನಾಲ್ಗೇಗೆ ಇಟ್ಟು ಉಗುದೆ. ಸೀ ಐತೆ ಕಣ್ರೀ. ನಾನೇ ಆಗಿದ್ರೂ ಆ ವಯಸ್ಸಲ್ಲಿ ಕುಡೀತಿದ್ದೆ" ಎಂದರು. ನಾನು ಗಾಬರಿಯಾಗಿ ಅವರ ಕೈ ಹಿಡಿದೆ. ಅವರು ಬಿಡಿಸಿಕೊಂಡರು. "ಆ ಉಡ್ಗೀದು ತಪ್ಪಿಲ್ಲ. ನಾನು ಏಳಿದ್ರೆ ನಮ್ಮವ್ವ ಕೇಳಲ್ಲ. ಕೇಳೋ ಜಾಗದಿಂದ ಏಳುಸ್ತೀನಿ, ನೋಡ್ತಿರಿ."

ಕೇಳುವ ಜಾಗ ಸುಲಭಕ್ಕೆ ಸಿಗಲಿಲ್ಲ. ಪೊಲೀಸರು ಆಕಸ್ಮಿಕ ಎಂದು ಬರೆದು ಮುಗಿಸಿದ್ದರು. ತಮ್ಮ ದೂರು ಕೊಡಲು ಒಪ್ಪಲಿಲ್ಲ, ಅಂಗಡಿಯವನು ಬೀಗರ ಕಡೆಯ ದೂರದ ನೆಂಟ. ಕೊನೆಗೆ ಯಾರೋ ಹಾಸನದ ಜಿಲ್ಲಾ ಗ್ರಾಹಕರ ವೇದಿಕೆಯ ವಿಷಯ ಹೇಳಿದರು. ವಕೀಲರು ಬೇಡ, ನಾವೇ ವಾದಿಸಬಹುದು, ಅಪಾಯದ ವಸ್ತು ಮಾರದಂತೆ ಆದೇಶ ಮಾಡುವ ಅಧಿಕಾರ ಅದಕ್ಕಿದೆ ಎಂದು ತಿಳಿಯಿತು. ಆದರೆ ದೂರು ಕೊಡುವವರು ಗ್ರಾಹಕರಾಗಿರಬೇಕು, ಕೊಂಡದ್ದಕ್ಕೆ ಬಿಲ್ಲು ಇದ್ದರೆ ಗಟ್ಟಿ. ತಮ್ಮನ ಹತ್ತಿರ ಬಿಲ್ಲು ಇರಲಿಲ್ಲ. "ಅಷ್ಟೇ ತಾನೇ? ನಾನೇ ಗ್ರಾಹಕಿ ಆಗ್ತೀನಿ" ಎಂದು ಎದ್ದರು. ಶನಿವಾರ ಬೆಳಗಿನ ಶಾಲೆ ಮುಗಿಸಿ ನನ್ನನ್ನೂ ಎಳೆದುಕೊಂಡು ಅರಕಲಗೂಡಿನ ಬಸ್ಸು ಹತ್ತಿದರು.

ಮಗು ಹೋಗಿ ತಿಂಗಳಾಗಿರಲಿಲ್ಲ. ಪೀಪಾಯಿ ಅಲ್ಲೇ ಇತ್ತು. ಪಕ್ಕದಲ್ಲಿ ತೊಳೆದಿಟ್ಟ ಸ್ಕ್ವಾಷ್ ಬಾಟಲಿಗಳು ಸಾಲಾಗಿ ನಿಂತಿದ್ದವು. ಅಂಗಡಿಯವನಿಗೆ ಇವರ ಗುರುತಿರಲಿಲ್ಲ. ಒಳ್ಳೆಯ ನಗೆಮುಖದ ಮನುಷ್ಯ, ಕೇಡಿಗನೇನಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು.

"ಏನ್ ಕೊಡ್ಲವ್ವಾ?"

"ಗಾಡೀಗೆ ಹುಯ್ಯೋ ಹಸಿರು ನೀರು."

"ಓ, ಗಾಡಿ ಪಾನಕ!" ಎಂದು ಬಾಟಲಿಗೆ ತುಂಬಿದ.

"ಬಿಲ್ಲು ಕೊಡಿ" ಎಂದರು ಮೇಡಂ.

"ಲೂಸ್ ಐಟಮ್ಮಿಗೆ ಯಾರವ್ವ ಬಿಲ್ಲು ಕೇಳ್ತಾರೆ?"

"ನಾನು ಕೇಳ್ತೀನಿ."

ಅವನು ನಗುತ್ತಾ ಬಿಲ್ಲಿನ ಪುಸ್ತಕ ತೆಗೆದ. "ಏನಂತ ಬರೀಲಿ? ಕೂಲೆಂಟು ಅಂತ್ಲಾ?"

"ನೀವು ದಿನಾ ಏನಂತೀರೋ ಅಂಗೇ ಬರೀರಿ."

ಅವನಿಗೆ ತಮಾಷೆ ಎನ್ನಿಸಿತು. 'ಗಾಡಿ ಪಾನಕ, ಒಂದು ಬಾಟಲಿ' ಎಂದು ಸ್ಫುಟವಾಗಿ ಕನ್ನಡದಲ್ಲಿ ಬರೆದು, ಅಂಗಡಿಯ ಮೊಹರು ಒತ್ತಿ, ಸಹಿ ಹಾಕಿ ಕೊಟ್ಟ. "ನಿಮ್ಮಂಗೆ ಬಿಲ್ಲು ಕೇಳೋರು ಇರಬೇಕು ಬುಡಿ" ಎಂದೂ ಹೇಳಿದ. ಮೇಡಂ ಅದನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡು, "ಓಗ್ಬುಟ್ಟು ಬತ್ತೀನಿ" ಎಂದು ವಿನಯದಿಂದ ಕೈಮುಗಿದರು. ಅವರು ಯಾರಿಗಾದರೂ ಅಷ್ಟು ವಿನಯದಿಂದ ಕೈಮುಗಿದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ದೂರಿನಲ್ಲಿ ಅವರು ಪರಿಹಾರ ಕೇಳಲಿಲ್ಲ. ಲೂಸಾಗಿ ಮಾರುವುದು ನಿಲ್ಲಬೇಕು, ಡಬ್ಬಿಯ ಮೇಲೆ ಕನ್ನಡದಲ್ಲಿ 'ವಿಷ' ಎಂದು ಬರೆಯಬೇಕು, ಮತ್ತು ಕಂಪನಿ ಅದರೊಳಗೆ ಕಹಿ ಸೇರಿಸಬೇಕು. ಅಂಗಡಿಯವನನ್ನೂ ಕಂಪನಿಯನ್ನೂ ಸೇರಿಸಿ ಎಳೆದರು. ನೋಟೀಸು ಹೋದ ಮೇಲೆ ತಮ್ಮ ಹೊಳೆನರಸೀಪುರಕ್ಕೆ ಓಡಿ ಬಂದ.

"ಅಕ್ಕ, ಅವ್ರು ಏನಾರ ಕೊಟ್ಟು ಮುಗುಸ್ತೀವಿ ಅಂತವ್ರೆ. ಕೇಸು ವಾಪಸ್ ತಗೊಬುಡು."

"ಕೊಡೋವಾಗ ಏನಂತಾರೆ? ತಪ್ಪು ನಮ್ದು ಅಂತಾರಾ?"

"ಅದೆಂಗಂತಾರೆ? ಯಾರ್ ತಪ್ಪೂ ಅಲ್ಲ ಅಂತ ಬರ್ಕೊಡ್ತಾರಂತೆ."

"ಯಾರ್ ತಪ್ಪೂ ಅಲ್ಲ ಅಂದ್ರೆ ನಿನ್ನ ಎಂಡ್ತಿ ತಪ್ಪು ಅಂತ ಕಣ್ಲಾ! ಅಷ್ಟೂ ತಿಳಿಯಲ್ವಾ ನಿಂಗೆ? ಓಗು, ಊಟ ಮಾಡು ಮೊದ್ಲು" ಎಂದು ಅವನನ್ನು ಅಡುಗೆಮನೆಗೆ ಅಟ್ಟಿದರು. ಉಂಡು ಹೋದ, ಮತ್ತೆ ಆ ಮಾತು ಎತ್ತಲಿಲ್ಲ.

ವಿಚಾರಣೆ ಎಳೆಯಿತು. ತಾರೀಖು ಬಿದ್ದಾಗಲೆಲ್ಲ ಗಂಜಿ ಹಾಕಿದ ಕಾಟನ್ ಸೀರೆಯುಟ್ಟು, ಬಗಲಲ್ಲಿ ಛತ್ರಿ ಇಟ್ಟುಕೊಂಡು ಹಾಸನಕ್ಕೆ ಹೊರಡುತ್ತಿದ್ದರು. ರಜೆ ಸಿಕ್ಕಾಗ ನಾನೂ ಹೋಗುತ್ತಿದ್ದೆ. ಅವರು ಕೊಂಡ ಬಾಟಲಿ ಪ್ರಯೋಗಾಲಯಕ್ಕೆ ಹೋಗಿ, ವಿಷವೇ ಹೌದೆಂದು ವರದಿ ಬಂತು. ಅದಾದ ಮೇಲೆ ಕಂಪನಿಯ ವಕೀಲರು ತಮ್ಮ ಕೊನೆಯ ಬಾಣ ಬಿಟ್ಟರು. ವಸ್ತುವಿನಲ್ಲಿ ದೋಷವಿಲ್ಲ, ಎಂಜಿನ್ನಿಗೆ ಮಾಡಿದ್ದು ಎಂಜಿನ್ನಿಗೆ ಸರಿಯಾಗಿದೆ, ಮಗು ಸತ್ತದ್ದು ತಾಯಿಯ ಅಲಕ್ಷ್ಯದಿಂದ ಎಂದರು. ಮನೆಯಲ್ಲಿ ಆಡಿದ ಮಾತೇ ಇಲ್ಲಿ ಕರಿಕೋಟು ಹಾಕಿಕೊಂಡು ಬಂದಿತ್ತು. ಮೇಡಂ ನನ್ನ ಕಡೆ ತಿರುಗಿ ಮೆಲ್ಲಗೆ, "ಅವ್ರೇ ಬಾಗ್ಲು ತೆಗುದ್ರು" ಎಂದರು. ಅಲ್ಲಿಯವರೆಗೆ ಮಗುವಿನ ತಾಯಿಯ ಪ್ರಸ್ತಾಪ ದಾವೆಯಲ್ಲಿ ಇರಲೇ ಇಲ್ಲ. ಈಗ ಅವರೇ ಎತ್ತಿದ್ದರಿಂದ ವೇದಿಕೆ ಅದಕ್ಕೆ ಉತ್ತರ ಬರೆಯಲೇಬೇಕಾಯಿತು.

ಮೇಡಂ ಮೊದಲು ಬಿಲ್ಲನ್ನು ಮುಂದಿಟ್ಟರು. ವೇದಿಕೆಯ ಅಧ್ಯಕ್ಷರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು, "ಗಾಡಿ ಪಾನಕ." ಅಂಗಡಿಯವನ ನಗೆಮುಖ ಅಲ್ಲಿ ಮೊದಲ ಸಲ ಇಂಗಿತು.

"ತಮಾಷೆಗೆ ಬರೆದದ್ದು ಸಾ."

"ವಿಷಕ್ಕೆ ಪಾನಕ ಅಂತ ಹೆಸರಿಟ್ಟು, ಹಣ್ಣಿನ ಬಾಟಲಿಗೆ ತುಂಬಿ ಮಾರಿದವರು ಇವರು" ಎಂದರು ಮೇಡಂ. "ಅಕ್ಷರ ಬರೋ ದೊಡ್ಡವರೇ ಪಾನಕ ಅಂದ ಮೇಲೆ, ಅಕ್ಷರ ಬಾರದ ಕೂಸು ಏನಂತ ತಿಳ್ಕೋಬೇಕಿತ್ತು ಸ್ವಾಮಿ? ಕೂಸಿನ ತಾಯಿ ಪಾನಕದ ಬಾಟಲೀನ ಬೀಗ ಹಾಕಿ ಇಡಬೇಕಿತ್ತಾ?"

ವಕೀಲರು ಎದ್ದರು. ಕಹಿ ಸೇರಿಸಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಇದು ಪ್ರಪಂಚದಲ್ಲಿ ಇಲ್ಲದ ಬೇಡಿಕೆ ಎಂದರು. ಮೇಡಂ ಛತ್ರಿಯನ್ನು ಕುರ್ಚಿಗೆ ಒರಗಿಸಿದರು. ನಮ್ಮ ಶಾಲೆಯ ಲ್ಯಾಬಿನ ಸ್ಪಿರಿಟ್ಟನ್ನು ಒಂದು ಚಿಕ್ಕ ಸೀಸೆಯಲ್ಲಿ ತಂದಿದ್ದರು, ಅದನ್ನು ಮೇಜಿನ ಮೇಲಿಟ್ಟರು.

"ಇದಕ್ಕೆ ಯಾರೂ ಕುಡೀಬಾರದು ಅಂತ ಕೆಟ್ಟ ರುಚಿ, ಕೆಟ್ಟ ವಾಸನೆ ಬೆರೆಸಿರುತ್ತಾರೆ. ಬೆರೆಸಲೇಬೇಕು ಅಂತ ಕಾನೂನಿದೆ. ಯಾಕೆ? ಇದೂ ಮದ್ಯಸಾರವೇ, ಜನ ಇದನ್ನೇ ಕುಡಿದು ಹೆಂಡದ ಸುಂಕ ತಪ್ಪಿಹೋಗಬಾರದಲ್ಲ, ಅದಕ್ಕೆ. ಸರ್ಕಾರಕ್ಕೆ ತನ್ನ ಸುಂಕ ಕಾಯೋಕೆ ಕೆಟ್ಟ ರುಚಿ ಬೇಕು. ಕೂಸು ಕಾಯೋಕೆ ಬೇಡವಾ?"

ಅಧ್ಯಕ್ಷರು ಏನನ್ನೋ ಬರೆದುಕೊಂಡರು. ಮೇಡಂ ನಿಲ್ಲಿಸಲಿಲ್ಲ. ಅವರ ಭಾಷೆ ಕೊಣನೂರಿನ ದಾರಿ ಹಿಡಿದದ್ದು ನನಗೆ ಗೊತ್ತಾಯಿತು, ನಾನೂ ಬೆಂಚಿನ ಮೇಲೆ ನೆಟ್ಟಗೆ ಕೂತೆ.

"ಪ್ರಪಂಚದಲ್ಲಿಲ್ಲದ್ದು ಅಂದ್ರಲ್ಲ ಇವ್ರು. ನಮ್ಮೂರಲ್ಲಿ ಮೊಲೆ ಬುಡುಸೋವಾಗ ತಾಯಿ ಏನ್ಮಾಡ್ತಾಳೆ? ಬೇವಿನಸೊಪ್ಪು ಅರೆದು ಮೊಲೆಗೆ ಅಚ್ಕೋತಾಳೆ. ಕೂಸು ಒಂದು ಕಿತ ಬಾಯಿಟ್ಟು, ಮಕ ಕಿವುಚಿ, ತಾನೇ ದೂರ ಓಯ್ತದೆ. ಕೂಸಿಗೆ ಬುದ್ಧಿ ಏಳಕ್ಕಾಗಲ್ಲ, ಕಹಿ ಅಚ್ಚಬೋದು. ಅಕ್ಷರ ಬರದ ನಮ್ಮ ಎಣ್ಮಕ್ಕಳಿಗೆ ಗೊತ್ತಿರೋದು ಇಷ್ಟು ದೊಡ್ಡ ಕಂಪ್ನಿಗೆ ಗೊತ್ತಿಲ್ವಾ?"

ವಕೀಲರು ಕೆಂಪಾಗಿ, "ನ್ಯಾಯಪೀಠದ ಮುಂದೆ ಇಂಥ ಮಾತು ಶೋಭೆಯಲ್ಲ" ಎಂದರು. ಆಮೇಲೆ ತುಟಿ ಕೊಂಕಿಸಿ ಒಂದು ಮಾತು ಸೇರಿಸಿದರು. "ಅಷ್ಟಕ್ಕೂ ದೂರುದಾರರು ಅವಿವಾಹಿತರು. ತಾಯಂದಿರ ವಿಷಯ ಅವರಿಗೇನು ಗೊತ್ತು?"

"ತಾಯಿ ಆಗಿಲ್ಲ ಸ್ವಾಮಿ" ಎಂದರು ಮೇಡಂ, "ಕೂಸಾಗಿದ್ದೆನಲ್ಲ! ಬೇವು ನೆಕ್ಕಿದೋಳು ನಾನು. ನೀವೂ ನೆಕ್ಕಿರ್ತೀರ, ನಿಮ್ಮವ್ವನ್ನ ಕೇಳಿ ನೋಡಿ."

ಪೀಠದಲ್ಲಿದ್ದ ಮಹಿಳಾ ಸದಸ್ಯೆ ಸೆರಗು ಬಾಯಿಗೆ ಹಿಡಿದುಕೊಂಡರು. ನಗು ಹತ್ತಿಕ್ಕಿಕೊಂಡ ಮೇಲೆ, "ನಮ್ಮ ಕಡೆಯೂ ಬೇವೇ ಹಚ್ಚುವುದು. ಮುಂದುವರಿಸಿ" ಎಂದರು. ಹಿಂದಿನ ಸಾಲಿನಲ್ಲಿ ನಾನು, ಅರ್ಚಕರ ಮಗಳು, ನಾಲ್ಕು ಜನರ ಎದುರು ಆ ಪದ ಕೇಳಿದರೆ ನೆಲ ನೋಡುವವಳು, ಚಪ್ಪಾಳೆ ತಟ್ಟಿಬಿಟ್ಟೆ. ಜವಾನ ಬಂದು ಗದರಿದ. ಗದರಿದರೆ ಗದರಲಿ.

ಮೇಡಂ ಕೇಳಿದ್ದೆಲ್ಲ ಸಿಕ್ಕಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಲೂಸಾಗಿ ಮಾರಕೂಡದು, ತಿನ್ನುವ ಕುಡಿಯುವ ವಸ್ತುಗಳ ಬಾಟಲಿಗೆ ತುಂಬಕೂಡದು, ಕನ್ನಡದಲ್ಲಿ ಎಚ್ಚರಿಕೆ ಇರಬೇಕು ಎಂದು ಆದೇಶವಾಯಿತು. ಕಹಿ ಸೇರಿಸುವುದು ಮಾತ್ರ ತಮ್ಮ ಅಧಿಕಾರಕ್ಕೆ ಮೀರಿದ್ದು, ಸರ್ಕಾರ ಯೋಚಿಸುವುದು ಒಳ್ಳೆಯದು ಎಂದು ಬರೆದು ಬಿಟ್ಟರು. ಮೇಡಂ ಅದನ್ನು ಬಿಡಲಿಲ್ಲ. ಬೆಂಗಳೂರಿಗೆ, ದೆಹಲಿಗೆ ಅರ್ಜಿ ಬರೆದರು. ಭಾನುವಾರಗಳಲ್ಲಿ ಆದೇಶದ ಪ್ರತಿ ಹಿಡಿದು ಅರಕಲಗೂಡು, ಚನ್ನರಾಯಪಟ್ಟಣ, ಹಾಸನದ ಅಂಗಡಿಗಳನ್ನು ಸುತ್ತಿದರು. ಚನ್ನರಾಯಪಟ್ಟಣದಲ್ಲಿ ಒಬ್ಬ ಅವರ ಛತ್ರಿ ಕಂಡ ಕೂಡಲೇ ಪೀಪಾಯಿಯ ಮೇಲೆ ಗೋಣಿಚೀಲ ಹೊದಿಸಿದ. ಮೇಡಂ ಸೀದಾ ಹೋಗಿ ಆ ಗೋಣಿಚೀಲದ ಮೇಲೇ ಕೂತು, "ಒಂದು ಲೋಟ ನೀರು ಕೊಡಪ್ಪ. ನಿನ್ನ ಪಾನಕ ಬ್ಯಾಡ" ಎಂದರು. ನಿವೃತ್ತಿಯಾದ ಮೇಲೂ, ಮಂಡಿನೋವು ಬಂದ ಮೇಲೂ ಸುತ್ತಿದರು. ಕಹಿ ಬರಲಿಲ್ಲ. ಅವರೂ ಹೋದರು.

ಆದರೆ ಆ ಆದೇಶದಲ್ಲಿ ಇನ್ನೊಂದು ವಾಕ್ಯವಿತ್ತು. ಪ್ರತಿ ಕೈಗೆ ಬಂದ ಭಾನುವಾರವೇ ಮೇಡಂ ಊರಿಗೆ ಹೊರಟರು, ನಾನೂ ಜೊತೆಗೆ ಹೋದೆ. ಪಡಸಾಲೆಯಲ್ಲಿ ಅವರ ತಾಯಿ ಕಂಬಕ್ಕೊರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ತಮ್ಮ ಜಗಲಿಯಲ್ಲಿದ್ದ. ಮೇಡಂ ಒಳಗೆ ಹೋಗಿ ತಮ್ಮನ ಹೆಂಡತಿಯ ತೋಳು ಹಿಡಿದು ಕರೆತಂದು, ಎಲ್ಲರ ನಡುವೆ, ಚಾಪೆಯ ಮೇಲೆ ಕೂರಿಸಿದರು. ಅವಳು ಏಳಲು ನೋಡಿದಳು. "ಕೂತ್ಕೊ. ಇದು ನಿನ್ ಮನೆ" ಎಂದರು.

ಆದೇಶ ಇಂಗ್ಲಿಷಿನಲ್ಲಿತ್ತು. ಮೇಡಂ ಅದನ್ನು ನೋಡಿಕೊಂಡು ತಮ್ಮ ಊರ ಮಾತಿನಲ್ಲೇ ಹೇಳುತ್ತಾ ಹೋದರು. ಅಂಗಡಿಯವನ ತಪ್ಪು ಏನು, ಕಂಪನಿಯ ತಪ್ಪು ಏನು ಎಂದು ಹೇಳಿ, ಆ ವಾಕ್ಯಕ್ಕೆ ಬಂದಾಗ ನಿಧಾನ ಮಾಡಿದರು. "ಕೂಸಿನ ತಾಯಿದು ಇದ್ರಲ್ಲಿ ಏನೇನೂ ತಪ್ಪಿಲ್ಲ. ಅವ್ಳು ಕೂಸ್ನ ಸರ್ಯಾಗೇ ನೋಡ್ಕೊಂಡವ್ಳೆ. ಮನೇಲಿ ಪಾನಕದ ಬಾಟ್ಲಿ ಇದ್ರೆ ಅದು ವಿಷ ಅಂತ ಯಾವ್ ತಾಯೂ ತಿಳ್ಕಳಲ್ಲ."

ತಮ್ಮ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ. ಅವನ ಭುಜ ಅಲುಗುತ್ತಿತ್ತು. ತಾಯಿ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಲಿಲ್ಲ, ತಲೆಯೆತ್ತಲೂ ಇಲ್ಲ. ನನಗೆ ಆ ಮುದುಕಿಯನ್ನು ಹಿಡಿದು ಅಲ್ಲಾಡಿಸಿಬಿಡೋಣ ಎನ್ನಿಸಿತು.

ಆಗ ಚಾಪೆಯ ಮೇಲಿಂದ ಒಂದು ದನಿ ಬಂತು. ಅಷ್ಟು ಕಾಲದಲ್ಲಿ ಆ ಹುಡುಗಿಯ ದನಿಯನ್ನು ನಾನು ಕೇಳಿಯೇ ಇರಲಿಲ್ಲ. ಅವಳು ಅತ್ತೆಯನ್ನೇ ನೋಡುತ್ತಿದ್ದಳು.

"ಇನ್ನೊಂದು ಕಿತ ಓದಿ ಅತ್ಗೆ. ನಮ್ಮತ್ತೆಗೆ ಸರ್ಯಾಗಿ ಕೇಳುಸ್ಲಿಲ್ಲ."

ಸೈನ್ಸ್ ಮೇಡಂ ಎದ್ದು ನಿಂತು, ಬೀದಿಗೆಲ್ಲ ಕೇಳಿಸುವ ಹಾಗೆ, ಅದನ್ನು ಮತ್ತೆ ಓದಿದರು.